ಗುಂಡನಿಗೆ ನೆಗಡಿ

ಮೃಗಶಿರಾ ಮಳೆ ಹಿಡಿದಲ್ಲಿಂದ ಮಘಾ ಮಳೆ ಬಿಡುವವರೆಗೆ ಬೆಳಗಾವಿ ಕಡೆ ನೆಗಡಿ ಎಂಬುದು ರೋಗವಲ್ಲ, ಹವಾಮಾನ. ಖಾನಾಪುರದಾಚೆ ಕಣಕುಂಬಿ, ಜಾಂಬೋಟಿಯ ಕಾಡಿನ ಮೇಲೆ ಮನಸಾರೆ ಸುರಿದ ಮೋಡಗಳು ನಮ್ಮ ಕಾಕತಿಗೆ ಬರುವ ಹೊತ್ತಿಗೆ ಒಂದಿಷ್ಟು ದಣಿದಿರುತ್ತವೆ. ಹಟ ಮಾತ್ರ ಬಿಟ್ಟಿರುವುದಿಲ್ಲ. ನಾನು ಜೂನ್‌ನಲ್ಲಿ ಸೀನಲು ಶುರು ಮಾಡಿದರೆ ಗಣಪತಿ ಕಳಿಸುವವರೆಗೆ ಸೀನುತ್ತೇನೆ. ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಮ್ಮೆ ಎರಡು ದಿನ ಸೀನದೆ ಇದ್ದಾಗ ಮಾತ್ರ ನನ್ನ ಹೆಂಡತಿ ಒಳಗಿನಿಂದಲೇ, "ಎಲ್ಲ್ಯಾರ ಹೋಗೀರೇನ್ರೀ?" ಎಂದು ಕೂಗಿದ್ದಳು.

ಇಂಥ ಮನೆಯಲ್ಲಿ ಕಳೆದ ಆಷಾಢದಲ್ಲಿ ಒಂದು ಮೂಗಿನ ತುದಿಯಲ್ಲಿ ಒಂದೇ ಒಂದು ಸಣ್ಣ ಗುಳ್ಳೆ ಕಂಡಿತು. ಅಷ್ಟಕ್ಕೇ ಇಡೀ ಮನೆ ಎದ್ದು ನಿಂತಿತು. ಆ ಮೂಗು ನನ್ನದಲ್ಲ, ಗುಂಡನದು.

ಗುಂಡ ಅಂದರೆ ನನ್ನ ಮಗ ಸಾಕಿಕೊಂಡಿರುವ ಬಾಲ್ ಪೈಥಾನ್. ಘಾನಾ, ಟೋಗೊ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ಸೀಮೆಯ ಗಿಡ್ಡ ಹೆಬ್ಬಾವು. ವಿಷವಿಲ್ಲ, ಸಿಟ್ಟಿಲ್ಲ. ಹೆದರಿದರೆ ತಲೆಯನ್ನು ನಡುವೆ ಮುಚ್ಚಿಟ್ಟುಕೊಂಡು ಮೈಯೆಲ್ಲ ಉಂಡೆ ಸುತ್ತಿ ಕೂತುಬಿಡುತ್ತದೆ. ಹೆದರುವ ವಿಷಯದಲ್ಲಿ ನಾನೂ ಕಡಿಮೆಯವನಲ್ಲ, ಮೈ ಅಷ್ಟು ಬಾಗುವುದಿಲ್ಲ ಅಷ್ಟೇ. ಕಾಕತಿ ಅಂದರೆ ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು. 1824ರಲ್ಲಿ ಥ್ಯಾಕರೆಯ ತೋಪುಗಳ ಎದುರು ಜಗ್ಗದೆ ನಿಂತ ಹೆಣ್ಣುಮಗಳ ತವರು. ಅದೇ ಊರಿನ ಗಂಡಸಾದ ನಾನು, ಗುಂಡ ಮೊದಲ ಸಲ ಪೆಟ್ಟಿಗೆಯಿಂದ ತಲೆ ಹೊರಹಾಕಿದಾಗ ಊಟದ ಟೇಬಲ್ಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆ ಹಿಡಿದುಕೊಂಡಿದ್ದೆ. ಕರೆಂಟು ಹೋಗಿದ್ದದ್ದು ನನ್ನ ಪುಣ್ಯ.

ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾಗ ಇದನ್ನು ಸಾಕಿದ್ದು. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಊರಿಗೆ ಬಂದಾಗ ಒಂದು ಲ್ಯಾಪ್‌ಟಾಪು, ಒಂದು ಹೀಟ್ ಮ್ಯಾಟು, ಒಂದು ಹಾವು, ಇಷ್ಟು ಆಸ್ತಿ ತಂದ. ಕಾನೂನು ಕೇಳುವವರಿಗೆ ಹೇಳಿಬಿಡುತ್ತೇನೆ: ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವುಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಗುಂಡ ಪರದೇಶಿ. ಆದರೂ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ 2022ರ ತಿದ್ದುಪಡಿ, 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್ಲಿನಲ್ಲಿ ಹೆಸರು ಹಚ್ಚಬೇಕು. ಮಗ ಹಚ್ಚಿದ್ದಾನೆ. ಆ ಕಾಗದವನ್ನು ನಾನು ಲ್ಯಾಮಿನೇಟ್ ಮಾಡಿಸಿ ಹೊಲದ ಉತಾರದ ಜೊತೆ ತಿಜೋರಿಯಲ್ಲಿಟ್ಟಿದ್ದೇನೆ. ಉತಾರದಲ್ಲಿ ನನ್ನ ಹೆಸರು ತಪ್ಪಾಗಿ ಬಿದ್ದಿದೆ. ಗುಂಡನ ಕಾಗದದಲ್ಲಿ ಒಂದಕ್ಷರವೂ ತಪ್ಪಿಲ್ಲ.

ನಮ್ಮದು ತತ್ತಿ ಕೂಡ ಹೊಸಿಲು ದಾಟದ ಮನೆ. ಗುಂಡನ ಊಟವೋ ಇಲಿ, ಅದೂ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿದ್ದು. ಹೀಗಾಗಿ ಮಾಳಿಗೆಯ ಮೆಟ್ಟಿಲ ಕೆಳಗೆ ಅವನಿಗೆಂದೇ ಒಂದು ಸೆಕೆಂಡ್‌ಹ್ಯಾಂಡ್ ಫ್ರಿಜ್ ಬಂತು. ಅದಕ್ಕೆ ಬೀಗ ಇದೆ. ಮಗಳ ಬೀಗರು ಬಂದಾಗ "ಅದ ಕೆಟ್ಟೈತ್ರಿ" ಅನ್ನುತ್ತೇವೆ.

ಆಷಾಢದ ಆ ವಾರ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಹಾವಿಗೆ ಮೈಯೊಳಗೆ ಶಾಖವಿಲ್ಲ. ಹೊರಗಿನದನ್ನೇ ನಂಬಿಕೊಂಡ ಜೀವ. ಗುಂಡನಿಗೆ ಪೆಟ್ಟಿಗೆಯ ಒಂದು ಬದಿ 32 ಡಿಗ್ರಿಯ ಆಸುಪಾಸು, ಇನ್ನೊಂದು ಬದಿ 26ರಷ್ಟು ಇರಬೇಕು. ನಮ್ಮೂರ ಮಳೆಗಾಲದ ರಾತ್ರಿಗೆ 20 ಮುಟ್ಟಿದರೆ ಹೆಚ್ಚು. ಥಂಡಿ ಹಿಡಿದರೆ ಹಾವಿನ ರೋಗನಿರೋಧಕ ಶಕ್ತಿ ಮಲಗುತ್ತದೆ, ಸುಮ್ಮನೆ ಬಿದ್ದುಕೊಂಡಿದ್ದ ಬ್ಯಾಕ್ಟೀರಿಯಾ ಏಳುತ್ತವೆ. ಗುಂಡ ಇಲಿ ಮುಟ್ಟಲಿಲ್ಲ. ಉಸಿರಿಗೆ ಸೀಟಿಯ ಸದ್ದು ಸೇರಿತು. ಬಾಯಿ ಕೊಂಚ ತೆರೆದು, ತಲೆ ಮೇಲೆತ್ತಿ, ಗೋಡೆಗೆ ಆನಿಸಿಕೊಂಡು ಕೂರತೊಡಗಿದ.

"ಪಪ್ಪಾ, ಇದು ನ್ಯುಮೋನಿಯಾ ಆಗಬಹುದು," ಅಂದ ಮಗ. ಅವನ ಕಣ್ಣಲ್ಲಿ ನೀರು. ನಾನು ಅದೇ ಹೊತ್ತಿಗೆ ಮೂರು ಸಲ ಸೀನಿದೆ. "ಪಪ್ಪಾ, ಆ ಕಡೆ ಹೋಗಿ ಸೀನ್ರಿ, ಅದಕ್ಕ ಗಾಬರಿ ಆಗ್ತೈತಿ," ಅಂದ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಲೆಕ್ಕದಲ್ಲಿ ಹೆಡೆಯಿಲ್ಲದ್ದು ನಾಗಪ್ಪನಲ್ಲ, ಹಾಗಾಗಿ ಗುಂಡನ ಮೇಲೆ ಅವಳಿಗೆ ಭಕ್ತಿಯಿಲ್ಲ. ಕೆಮ್ಮುವ ಯಾವ ಜೀವದ ಮೇಲಾದರೂ ಮರುಕವುಂಟು. "ಎದಿಗೆ ವಿಕ್ಸ್ ಹಚ್ಚೋ, ತಮ್ಮಾ," ಅಂದಳು.

ಮೂರೂವರೆ ಅಡಿಯ ಆ ದೇಹವನ್ನು ನಾವೆಲ್ಲ ಉದ್ದಕ್ಕೂ ನೋಡಿದೆವು. ಎದೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಯಾರೂ ಹೇಳಲಾರದೆ ಹೋದೆವು. ಅದೇ ಒಳ್ಳೆಯದಾಯಿತು. ಕರ್ಪೂರ, ನೀಲಗಿರಿ ಎಣ್ಣೆ, ಲೋಬಾನದ ಹೊಗೆ, ಊದುಬತ್ತಿ ಯಾವುದೂ ಹಾವಿನ ಪುಪ್ಪುಸಕ್ಕೆ ಆಗಿಬರುವುದಿಲ್ಲವೆಂದು ಆಮೇಲೆ ತಿಳಿಯಿತು.

ಊರಿನ ದನದ ಡಾಕ್ಟರರಲ್ಲಿ ನಾನೇ ಹೋಗಿ ಕೇಳಿದೆ. ನೆಗಡಿ ಅಂದಾಗ ಎಮ್ಮೆಗೋ ಆಡಿಗೋ ಅಂದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಂತರ ಬಹಳ ಮರ್ಯಾದೆಯಿಂದ, "ನಿಮಗೂ ಮೂಗು ಸೋರಾಕತ್ತೈತಲ್ಲರೀ," ಅಂದು, ಶಹರದಲ್ಲಿ ಹಕ್ಕಿ, ಆಮೆ, ಹಾವು ನೋಡುವ ಒಬ್ಬ ಡಾಕ್ಟರ್ ಬಾಯಿಯ ನಂಬರು ಕೊಟ್ಟರು.

ಆಕೆ ಫೋನಿನಲ್ಲೇ ಅಪ್ಪಣೆಗಳನ್ನು ಶುರು ಮಾಡಿದರು. ಬರುವ ಮುಂಚೆ ಎರಡು ದಿನ ತಿನ್ನಲು ಕೊಡಬೇಡಿ, ಕಕ್ಕಿಕೊಂಡೀತು. ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಚೀಲವನ್ನು ತೂತಿರುವ ಡಬ್ಬಿಯಲ್ಲಿಡಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ, ಮೈಗೆ ನೇರ ತಾಗಬಾರದು. ಕತ್ತಲೆಯಿರಲಿ. ಸದ್ದು, ಕುಲುಕಾಟ ಬೇಡ; ಹಾವಿಗೆ ಹೊರಗಿವಿ ಇಲ್ಲ ನಿಜ, ಆದರೆ ನೆಲದ ಕಂಪನ ದವಡೆಯ ಎಲುಬಿನಿಂದ ಒಳಗಿವಿಗೆ ಹೋಗುತ್ತದೆ. ಮೇಲಿಂದ ಮೇಲೆ ತೆಗೆದು ನೋಡಬೇಡಿ. ಬೆಳಗಿನ ಮೊದಲ ಪಾಳಿ ನಿಮ್ಮದು. ನಾಯಿಗಳ ನಡುವೆ ಕೂರಬೇಡಿ, ಕಾರಿನಲ್ಲೇ ಕಾಯಿರಿ.

ಬೆಚ್ಚಗೆ, ಕತ್ತಲಲ್ಲಿ, ಯಾರೂ ಮಾತಾಡಿಸದೆ, ಮುಟ್ಟದೆ, ಸದ್ದು ಮಾಡದೆ. ಲಗ್ನವಾದ ದಿನದಿಂದ ಜ್ವರ ಬಂದಾಗಲೆಲ್ಲ ನಾನು ಈ ಮನೆಯಲ್ಲಿ ಬೇಡಿಕೊಂಡದ್ದು ಇದನ್ನೇ. ನನಗೆ ಸಿಕ್ಕದ್ದು ಸುಂಠಿ ಕಷಾಯ, ಜೊತೆಗೆ "ಮಲಗಿದ್ದೀರಲ್ಲ, ಹಂಗs ಈ ಬಳ್ಳೊಳ್ಳಿ ಸುಲೀರಿ."

ಚೀಲದ ಪ್ರಶ್ನೆ ಬಂತು. ಒಳಗೆ ದಾರದ ಎಳೆ ಜೋಲಾಡಿದರೆ ಹಾವಿನ ಮೈಗೆ ಸಿಕ್ಕಿ ಬಿಗಿಯಬಹುದು. ಗಂಟು, ಎಳೆ ಇಲ್ಲದ ಅರಿವೆಯೇ ಆಗಬೇಕು. ಮನೆಯ ದಿಂಬಿನ ಚೀಲಗಳನ್ನೆಲ್ಲ ಒಳಮೈ ತಿರುವಿ ನೋಡಿದೆವು. ಎಲ್ಲದರಲ್ಲೂ ಎಳೆ. ಕಡೆಗೆ ಉಳಿದದ್ದು ನನ್ನ ಹೆಂಡತಿಯ ಟ್ರಂಕಿನ ತಳದಲ್ಲಿದ್ದ, ಅವಳ ತಾಯಿ ಲಗ್ನಕ್ಕೆ ಹಾಕಿಕೊಟ್ಟ ಕಸೂತಿಯ ಜೋಡಿ. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯೇ ಇಲ್ಲ; ಗವಂತಿ ಹೊಲಿಗೆ ಮೇಲೆ ಹೇಗೋ ಕೆಳಗೂ ಹಾಗೆಯೇ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಕಣ್ಣು ಸವೆಸಿ ಕಾಪಾಡಿಕೊಂಡ ಆ ಕುಸುರಿ ಹಾವು ಸಾಗಿಸಲು ಇಷ್ಟು ಸರಿಹೊಂದುತ್ತದೆಂದು ಯಾರು ಬಲ್ಲರು? ಆ ದಿಂಬಿನ ಮೇಲೆ ನನ್ನ ತಲೆಯನ್ನು ಒಂದು ದಿನವೂ ಇಡಗೊಟ್ಟವಳಲ್ಲ ಅವಳು. "ನಿಮ್ಮ ತಲ್ಯಾಗಿನ ಎಣ್ಣಿ ಹತ್ತತೈತಿ," ಅನ್ನುತ್ತಿದ್ದಳು. ಗುಂಡನ ತಲೆಯಲ್ಲಿ ಎಣ್ಣೆಯಿಲ್ಲ. ಗೋಪುರ, ತೇರು, ಆನೆಯ ಚಿತ್ತಾರಗಳ ನಡುವೆ ಅವನು ಉಂಡೆಯಾಗಿ ಕೂತ.

ಕಾರು ಓಡಿಸುವವನು ಮಗ. ಡಬ್ಬಿ ತೊಡೆಯ ಮೇಲಿಟ್ಟುಕೊಳ್ಳುವವನು ನಾನು. ಹೀಟರ್ ಹಚ್ಚಿ, ಕಿಟಕಿ ಏರಿಸಿ, ಹಾಡಿಲ್ಲ, ಹಾರ್ನಿಲ್ಲ, ಮಾತಿಲ್ಲ. ಹೆದ್ದಾರಿಯಲ್ಲಿ ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಗಾಡಿಯವನು ಒಳಗೆ ಬಗ್ಗಿ ನೋಡಿ ಕೈ ಮುಗಿದ. ಅಸ್ಥಿ ಒಯ್ಯುತ್ತಿದ್ದೇವೆ ಅಂದುಕೊಂಡಿರಬೇಕು. ನನ್ನ ಮುಖವೂ ಹಾಗೇ ಇತ್ತು.

ದವಾಖಾನೆಯ ಮುಂದೆ ಮಳೆ. ಮಗ ಹೆಸರು ಬರೆಸಲು ಒಳಗೆ ಹೋದ. ಪಕ್ಕದ ಅಂಗಡಿಯ ಕಾವಲುಗಾರ ಕೊಡೆ ಹಿಡಿದು ಬಂದು ಕಿಟಕಿ ಬಡಿದ. ಬೆರಳಷ್ಟು ಇಳಿಸಿದೆ.

"ಏನೈತ್ರಿ ಡಬ್ಬ್ಯಾಗ?"

ಹಾವು ಎಂಬ ಶಬ್ದ ನಾಲಗೆಯ ತನಕ ಬಂದು ಉಂಡೆ ಸುತ್ತಿಕೊಂಡಿತು. "ಕುಂದಾ," ಅಂದುಬಿಟ್ಟೆ.

ಬೆಳಗಾವಿಯಲ್ಲಿ ಕೂತು ಹೇಳಬಾರದ ಸುಳ್ಳೆಂದರೆ ಅದೊಂದೇ. ಅವನ ಮುಖ ಅರಳಿತು. ಸಂದಿಯಿಂದ ಕೈ ತೂರಿಸಿ ಡಬ್ಬಿ ಮುಟ್ಟಿದ. ಬಿಸಿನೀರಿನ ಬಾಟಲಿ ತನ್ನ ಕೆಲಸ ಮಾಡುತ್ತಿತ್ತು. "ಅರೆ, ಇನ್ನೂ ಬಿಸಿ ಐತಿ! ಯಾವ ಅಂಗಡೀದ್ರೀ?" ಅಷ್ಟರಲ್ಲಿ ಡಬ್ಬಿಯೊಳಗಿಂದ ಸೀಟಿ ಹೊಡೆದ ಹಾಗೆ ಒಂದು ಉಸಿರು ಬಂತು. ಅವನು ಕೈ ಹಿಂದೆಗೆದುಕೊಂಡು ನನ್ನನ್ನು ನೋಡಿದ. ನಾನು ಮೂಗು ಒರೆಸಿಕೊಂಡೆ. ಜನ್ಮದಲ್ಲಿ ಮೊದಲ ಸಲ ನನ್ನ ನೆಗಡಿ ಉಪಯೋಗಕ್ಕೆ ಬಂತು.

ಒಳಗೆ ಡಾಕ್ಟರ್ ಬಾಯಿ ಮೊದಲು ಚೀಲಸಮೇತ ತೂಗಿದರು, ನಂತರ ಬರಿ ಚೀಲ ತೂಗಿ ಕಳೆದರು. ಹಾವಿನ ಔಷಧಿಯೆಲ್ಲ ಗ್ರಾಮಿನ ಲೆಕ್ಕದ ಮೇಲೆ ನಿಂತಿದೆಯಂತೆ. ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿಯಿಂದ ಬಾಯಿ ಬಿಡಿಸಿ, ನಾಲಗೆಯ ಹಿಂದಿರುವ ಉಸಿರಿನ ಕಿಂಡಿ ತೋರಿಸಿದರು. ಸುತ್ತಲೂ ನೂಲಿನಂಥ ಕಫ. "ಹಾವಿಗೆ ನಮ್ಮ ಹಂಗ ವಪೆ ಇಲ್ಲರಿ. ಜೋರಾಗಿ ಕೆಮ್ಮಿ ಕಫ ಹೊರಗ ಹಾಕಾಕ ಬರೂದಿಲ್ಲ. ಒಳಗ ಕುಂತಿದ್ದು ಅಲ್ಲೇ ಕೊಳೀತೈತಿ. ಅದಕ್ಕs ತಡ ಮಾಡಬಾರದು." ಬಹುತೇಕ ಹಾವುಗಳಿಗೆ ಬಲದ ಪುಪ್ಪುಸವೊಂದೇ ಕೆಲಸಕ್ಕೆ ಬರುವುದು, ಹೆಬ್ಬಾವಿನ ಜಾತಿಗೆ ಎರಡೂ ಇರುತ್ತವೆ, ಎಡದ್ದು ಚಿಕ್ಕದು ಅಂದರು. ಪರೀಕ್ಷೆಗೆಂದು ಹತ್ತಿಯ ಕಡ್ಡಿಗೆ ಕಫ ತೆಗೆದುಕೊಂಡರು; ಹೆಬ್ಬಾವುಗಳಲ್ಲಿ ಕೆಲವೊಮ್ಮೆ ನಿಡೋವೈರಸ್ ಎಂಬ ವೈರಾಣುವೂ ಇದೇ ಸೋಗಿನಲ್ಲಿ ಬರುತ್ತದಂತೆ, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಗುಂಡ ಇಷ್ಟಕ್ಕೂ ತಣ್ಣಗಿದ್ದ. ಆಕೆ ಕೈಯಿಂದ ಕೈಗೆ ಹರಿದಾಡಿಸಿದರು, ಹರಿದಾಡಿದ.

"ಪೇಷಂಟ್ ಆರಾಮ ಅದಾನ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಮೊದಲ ಕುಂಡ್ರ್ರಿ. ಇವರಿಗೆ ಯಾರರೆ ನೀರು ಕೊಡ್ರಿ."

ಔಷಧಿ ಸೆಫ್ಟಾಜಿಡಿಮ್. ಕಿಲೋಗೆ 20 ಮಿಲಿಗ್ರಾಂ, 72 ಗಂಟೆಗೊಮ್ಮೆ ಚುಚ್ಚಬೇಕು. ಹಾವಿನ ಜೀರ್ಣ, ರಕ್ತಚಲನೆ ಎಲ್ಲ ನಿಧಾನ, ಔಷಧಿಯೂ ಒಳಗೆ ಕಾಲುಚಾಚಿ ಕೂರುತ್ತದೆ. ಚುಚ್ಚುವುದು ಮೈಯ ಮುಂದಿನ ಅರ್ಧದಲ್ಲಿ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ದಾರಿ ಹಿಡಿಯುತ್ತದಂತೆ. ಕಲಸಿದ ಔಷಧಿಯನ್ನು ಸಣ್ಣ ಸಿರಿಂಜುಗಳಲ್ಲಿ ತುಂಬಿ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಒಂದೊಂದೇ ಕರಗಿಸಬೇಕು. ಹೀಗೆ ಮೆಟ್ಟಿಲ ಕೆಳಗಿನ ಫ್ರಿಜ್ಜಿನಲ್ಲಿ ಊಟದ ಪಕ್ಕ ಮದ್ದೂ ಸೇರಿತು. ಮನೆಯವರಿಗೆ ಇಂಥ ಏರ್ಪಾಡು ಎಂದೂ ಆಗಿಲ್ಲ; ನನ್ನ ಬಿಪಿ ಗುಳಿಗೆ ಹುಡುಕಲು ಇವತ್ತಿಗೂ ದೇವರ ಗೂಡಿನಿಂದ ಶುರು ಮಾಡಬೇಕು.

ಸೂಜಿ ಹಿಡಿಯುವವನು ಮಗ. ಹಾವು ಹಿಡಿಯಲು ಮನೆಯಲ್ಲಿ ಬಿಡುವಾಗಿದ್ದವನು ನಾನೊಬ್ಬನೇ. ಕಣ್ಣು ಮುಚ್ಚಿ ಹಿಡಿದೆ. ತಣ್ಣಗೆ, ಜಿಡ್ಡಾಗಿ ಇರುತ್ತದೆಂದು ಐವತ್ತು ವರ್ಷ ನಂಬಿದ್ದು ಒಣಗಿ, ನಯವಾಗಿ, ಬೆಚ್ಚಗಿತ್ತು. ಚುಚ್ಚಿದಾಗ ಒಮ್ಮೆ ಮೈ ಬಿಗಿಹಿಡಿಯಿತು. "ಆತು ಪಪ್ಪಾ, ಕಣ್ಣು ತಗೀರಿ," ಅಂದ ಮಗ. "ನೀವು ಹಿಡಕೊಂಡಿದ್ದು ನನ್ನ ಕೈ."

ಮನೆಯ ವ್ಯವಸ್ಥೆಯೇ ತಿರುವುಮುರುವಾಯಿತು. ಇನ್ವರ್ಟರಿನ ಮೊದಲ ಹಕ್ಕು ಗುಂಡನ ಹೀಟರಿಗೆ. ಅವ್ವನ ಮರಾಠಿ ಧಾರಾವಾಹಿ ಎರಡನೆಯದು. ಕಾಕತಿಯಲ್ಲೆಲ್ಲ ಒಣಗಿದ ಕೋಣೆಯೆಂದರೆ ಗುಂಡನದೊಂದೇ ಆದ್ದರಿಂದ ನನ್ನ ಹೆಂಡತಿ ಒದ್ದೆ ಅರಿವೆಗಳನ್ನು ಅಲ್ಲಿ ಹರವಿದಳು. ಥರ್ಮಾಮೀಟರಿನ ಪಕ್ಕದ ತೇವಮಾಪಕ 60ರಿಂದ 85ಕ್ಕೆ ಏರಿದ್ದು ಕಂಡು ಮಗ ಚೀರಿದ. ಗಾಳಿಯಾಡದ ತೇವ ಪುಪ್ಪುಸಕ್ಕೆ ವೈರಿ. ಅರಿವೆಗಳು ಹೊರಬಿದ್ದವು, ನಾನು ಹಸಿ ಬನಿಯನ್ನಿನಲ್ಲಿ ಕೆಲಸಕ್ಕೆ ಹೋದೆ, ಇನ್ನಷ್ಟು ಸೀನಿದೆ. ಅಡಗಿಕೊಳ್ಳಲು ಗುಂಡನಿಗೆ ಇದ್ದ ಪ್ಲಾಸ್ಟಿಕ್ ಗುಹೆ ತೆಗೆದು ಖಾನಾಪುರದ ಕೆಂಪುಮಣ್ಣಿನ ಗಡಿಗೆಯನ್ನು ಬೋರಲು ಹಾಕಿದೆವು. ಅದು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ನನ್ನ ಕುಡಿಯುವ ನೀರಿನ ಗಡಿಗೆ ಅದು.

ಉಪ್ಪುನೀರಿನ ಹಬೆಗೆ ನೆಬ್ಯುಲೈಸರ್ ಬೇಕೆಂದಾಗ ಎಲ್ಲರ ಕಣ್ಣು ಅವ್ವನ ದಮ್ಮಿನ ಮಷಿನ್ನಿನ ಮೇಲೆ ಬಿತ್ತು. ಅವಳು ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಡಾಕ್ಟರರೂ ಅವಳ ಕಡೆಯೇ: ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು, ಬೇರೆಯದೇ ತನ್ನಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಹೊಸದು ತಂದದ್ದು ನನ್ನ ಹಬ್ಬದ ಅಂಗಿಯ ದುಡ್ಡಿನಲ್ಲಿ. ಮುಚ್ಚಿದ ಡಬ್ಬಿಯಲ್ಲಿ ಗುಂಡ ಹದಿನೈದು ನಿಮಿಷ ಮಂಜಿನ ನಡುವೆ ಕೂರುತ್ತಿದ್ದ. ಮುಚ್ಚಳದ ತೂತುಗಳಿಂದ ಒಂದಿಷ್ಟು ಹಬೆ ಸೋರುತ್ತಿತ್ತು. ಯಾರೂ ಇಲ್ಲದ್ದು ನೋಡಿ ನಾನು ಅಲ್ಲಿ ಮೂಗು ಒಡ್ಡಿದೆ.

"ರೀ! ಅದರ ಪಾಲಿಂದು ಎಳೀಬ್ಯಾಡ್ರಿ!"

ಪರೀಕ್ಷೆಯಲ್ಲಿ ವೈರಾಣು ಇಲ್ಲವೆಂದು ಬಂತು. ಶ್ರಾವಣ ಹಿಡಿಯುವ ಹೊತ್ತಿಗೆ ಸೀಟಿಯ ಸದ್ದು ನಿಂತಿತು, ಬಾಯಿ ಮುಚ್ಚಿತು. ಪಂಚಮಿಯ ಬೆಳಿಗ್ಗೆ ಅವ್ವ ಮಣ್ಣಿನ ನಾಗಪ್ಪನಿಗೆ ದೇವರ ಪಾಲು, ಗುರುವಿನ ಪಾಲು, ನಮ್ಮೆಲ್ಲರ ಪಾಲೆಂದು ಹಾಲೆರೆಯುತ್ತಿದ್ದಳು. ಅಳ್ಳು, ತಂಬಿಟ್ಟು, ಶೇಂಗಾ ಉಂಡಿ ತಾಟಿನಲ್ಲಿದ್ದವು. ಮಗ ಒಳಗಿಂದ ಓಡಿ ಬಂದ. ಗುಂಡ ಗಡಿಗೆಯಿಂದ ಹೊರಬಂದು ನಾಲಗೆ ಚಾಚಿ ಊಟ ಹುಡುಕುತ್ತಿದ್ದಾನಂತೆ. ಉಸಿರು ಸ್ವಚ್ಛವಾದರೆ ಒಂದು ಸಣ್ಣದು ಕೊಡಬಹುದೆಂದು ಡಾಕ್ಟರ್ ಹೇಳಿದ್ದರಂತೆ. ಈಗಲೇ ಕೊಟ್ಟರೆ ತಿನ್ನುತ್ತಾನಂತೆ.

ನನ್ನ ಹೆಂಡತಿ ಸೌಟು ಎತ್ತಿದಳು. "ನಿನಗ ಬುದ್ಧಿ ಐತೇನೋ? ಇವತ್ತ ಪಂಚಮಿ. ಹಂಚ ಇಡೂದಿಲ್ಲ, ಕರಿಯೂದಿಲ್ಲ, ಹೆಚ್ಚೂದಿಲ್ಲ. ಬರೇ ಕುದಿಸಿದ ಕಡಬು!"

"ಮಮ್ಮಿ, ಇದನ್ನೂ ಕರಿಯೂದಿಲ್ಲ, ಹೆಚ್ಚೂದಿಲ್ಲ. ಬಿಸಿನೀರಾಗ ಇಟ್ಟರ ಸಾಕು."

ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಕೈಯಲ್ಲಿದ್ದ ಹಾಲಿನ ವಾಟಿ ಕೆಳಗಿಟ್ಟು, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು:

"ಹಿತ್ತಲ ಬಚ್ಚಲದಾಗ ಮಾಡು, ಹೋಗು. ನೀಲಿ ಬಕೇಟ್ ತಗೋ. ಇನ್ನ ಮ್ಯಾಲ ಆ ಬಕೇಟ್ ನಿಮ್ಮಪ್ಪಂದು."