ಗ್ಯಾಲರಿ ರಾಯರ ಚಳಿಗಾಲ

ಮುಂಬಯಿಯ ವಡಾಲದಲ್ಲಿ, ಕಾತ್ರಕ್ ರಸ್ತೆಯ ಆಸುಪಾಸಿನ ಹಳೇ ಬಿಲ್ಡಿಂಗುಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅಡ್ಡಹೆಸರು ರಾವ್, ಪೈ, ಶೆಟ್ಟಿ ಏನೇ ಇರಲಿ, ಊರು ಕುಂದಾಪುರದ ಕಡೆ. ಮಕ್ಕಳು ಓದಿದ್ದು ಎನ್.ಕೆ.ಇ.ಎಸ್. ಶಾಲೆಯಲ್ಲಿ, ಚೌತಿಗೆ ರಾಮ ಮಂದಿರದ ಗಣಪತಿ ತಪ್ಪಿಸಿದವರಲ್ಲ. ಸದ್ಯಕ್ಕೆ ಗ್ಯಾಲರಿ ರಾಯರು ಎನ್ನೋಣ.

ಡಿಸೆಂಬರ್ ಬಂತೆಂದರೆ ರಾಯರು ಪೇಪರಿನಲ್ಲಿ ಮೊದಲು ನೋಡುವುದು ಉಷ್ಣಾಂಶ. ಅದೂ ಸಾಂತಾಕ್ರೂಜಿನದು ಮಾತ್ರ. ಕೊಲಾಬಾದಲ್ಲಿ ಯಾವಾಗಲೂ ಒಂದೆರಡು ಡಿಗ್ರಿ ಹೆಚ್ಚು, "ಅದು ಸಮುದ್ರದ ಬದಿ, ಲೆಕ್ಕಕ್ಕಿಲ್ಲ." ವಡಾಲದ ಮಗ್ಗುಲಲ್ಲೇ ಶಿವಡಿಯ ಖಾಡಿ ಇದೆಯೆಂದು ಯಾರೂ ನೆನಪಿಸುವ ಧೈರ್ಯ ಮಾಡುವುದಿಲ್ಲ.

ಹದಿನೇಳು ಡಿಗ್ರಿ ಕಂಡ ದಿನ ಕೆಲಸ ಶುರು. ನಾಲ್ಕಡಿ ಅಗಲದ ಗ್ಯಾಲರಿಯಿಂದ ಬಟ್ಟೆ ಒಣಹಾಕುವ ಸ್ಟ್ಯಾಂಡು ಗಡೀಪಾರು. ಅಲ್ಯುಮಿನಿಯಂ ಸ್ಲೈಡಿಂಗಿನ ಸಂದಿಗೆ ಹಳೇ 'ಕರ್ನಾಟಕ ಮಲ್ಲ'ವನ್ನು ಮಡಚಿ, ಸ್ಕೇಲಿನಿಂದ ಒತ್ತಿ ತುರುಕುತ್ತಾರೆ. ನೆಲಕ್ಕೆ ಚಾಪೆ, ಚಾಪೆಯ ಮೇಲೆ ಸೊಲ್ಲಾಪುರ ಚಾದರ, ಅದರ ಮೇಲೆ ಬೆತ್ತದ ಕುರ್ಚಿ, ಕುರ್ಚಿಯ ಮೇಲೆ ಮಂಕಿ ಕ್ಯಾಪ್ ಹಾಕಿದ ರಾಯರು. ಎಲ್‌ಇಡಿಯ ಬಿಳಿ ಬೆಳಕು ಥಂಡಿಯಂತೆ; ಅದಕ್ಕೆ ಎಲ್ಲಿಂದಲೋ ಹುಡುಕಿ ತಂದ ನಲವತ್ತು ವಾಟ್ಸಿನ ಹಳದಿ ಬಲ್ಬು. ಕೈಯಲ್ಲಿ ಕೊತ್ತಂಬರಿ-ಜೀರಿಗೆ ಕಷಾಯ. ಕಛ್‌ನಿಂದ ಬಂದ ಫ್ಲೆಮಿಂಗೊಗಳು ಶಿವಡಿಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿರುವಾಗ ರಾಯರ ಕಾಲಿಗೆ ಎರಡೆರಡು ಜೊತೆ ಕಾಲುಚೀಲ.

ಇಷ್ಟಾಗಿ ಒಳಗೆ ಹಾಲಿನಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ. "ಅದು ಸೊಳ್ಳೆಗೆ" ಎನ್ನುತ್ತಾರೆ.

ಬೆಂಗಳೂರಿನ ಅಳಿಯ ಬಂದಾಗ ಮಾತ್ರ ಸ್ವಲ್ಪ ಕಷ್ಟ. ಬಂದವನು ಶರ್ಟಿನ ಗುಂಡಿ ಬಿಚ್ಚುತ್ತಾ, "ಮಾವ, ಒಂದು ಕಿಟಕಿ ತೆಗೀಲಾ?" ಎನ್ನುತ್ತಾನೆ.

"ತೆಗೆದ್ರೆ ಗಾಳಿ ಬರ್ತದೆ ಮಾರಾಯ!"

"ಅದಕ್ಕೇ ಕೇಳಿದ್ದು ಮಾವ."

ಆಗ ರಾಯರು ಬ್ರಹ್ಮಾಸ್ತ್ರ ತೆಗೆಯುತ್ತಾರೆ: 1962ರ ಜನವರಿ 22, ಸಾಂತಾಕ್ರೂಜಿನಲ್ಲಿ 7.4 ಡಿಗ್ರಿ! "ಆ ಚಳಿ ನೀವು ನೋಡಿಲ್ಲ" ಎಂದು ಹಲ್ಲು ಕಟಕಟಿಸಿ ತೋರಿಸುತ್ತಾರೆ. ಆ ದಿನ ತಾವು ಕುಂದಾಪುರದಲ್ಲಿ ಒಂದನೇ ಕ್ಲಾಸಿನ ಬೆಂಚಿನ ಮೇಲಿದ್ದ ಸಂಗತಿ ಅಡುಗೆಮನೆಯಿಂದ ಮನೆಯವರು ಕೆಮ್ಮಿದಾಗಷ್ಟೇ ನೆನಪಾಗುತ್ತದೆ.

ಮುಂಬಯಿಯಲ್ಲಿ ಬೆವರು ಎಲ್ಲರಿಗೂ ಪುಕ್ಕಟೆ. ಚಳಿಯನ್ನು ಮಾತ್ರ ಸ್ವಂತ ಖರ್ಚಿನಲ್ಲೇ ಮಾಡಿಕೊಳ್ಳಬೇಕು. ಊರಲ್ಲಿ ಬಿಟ್ಟುಬಂದ ಜಗಲಿಯನ್ನು ರಾಯರು ವರ್ಷಕ್ಕೊಮ್ಮೆ ಹೀಗೆ ಕಟ್ಟಿಕೊಂಡರೆ ನಮ್ಮ ಗಂಟೇನೂ ಹೋಗುವುದಿಲ್ಲ.

ಆದ್ದರಿಂದ ಜನವರಿಯಲ್ಲಿ ವಡಾಲಕ್ಕೆ ಹೋಗುವವರು ಒಂದು ಶಾಲು ಇಟ್ಟುಕೊಳ್ಳಿ, ಬಾಗಿಲಲ್ಲೇ "ಎಂಥ ಚಳಿ ಮಾರ್ರೆ!" ಎಂದುಬಿಡಿ. ಹಾಗೆನ್ನದವರಿಗೆ ಆ ಮನೆಯಲ್ಲಿ ಕಷಾಯ ಸಿಗುವುದಿಲ್ಲ.