ಕಿರುತೆರೆಯ ಸತ್ಯವೇದಕ್ಕೊಂದು ಸಂಧಿಪ್ರಕರಣ

1872ರಲ್ಲಿ ಎರಡು ಘಟನೆಗಳು ನಡೆದವು. ಅವುಗಳ ನಡುವಿನ ಸಂಬಂಧವನ್ನು ಇದುವರೆಗೆ ಯಾವ ವಿದ್ವಾಂಸರೂ ಗುರುತಿಸಿದಂತಿಲ್ಲ. ಸಂಬಂಧವೇ ಇಲ್ಲದಿರುವುದು ಅದಕ್ಕೆ ಕಾರಣವಿರಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಿಟೆಲ್ ಪಾದ್ರಿಗಳು ಕೇಶಿರಾಜನ ವ್ಯಾಕರಣಗ್ರಂಥ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಎಂಬಾತ, ನಿನೆವೆಯಿಂದ ಬಂದ ಮಣ್ಣಿನ ಹಲಗೆಯೊಂದರಲ್ಲಿ ನೋಹನ ಕಥೆಯನ್ನೇ ಹೋಲುವ ಜಲಪ್ರಳಯದ ಕಥೆಯಿದೆಯೆಂದು ಓದಿ ಹೇಳಿದ. ಒಂದು ಕಡೆ ಸಂಧಿಯ ಸೂತ್ರ, ಇನ್ನೊಂದು ಕಡೆ ಪ್ರಳಯ. ಎರಡನ್ನೂ ಕೂಡಿಸಿ ನೋಡಲು ಟೀವಿ ಹುಟ್ಟುವವರೆಗೆ ಲೋಕ ಕಾಯಬೇಕಾಯಿತು.

ಸಂಧಿಯಲ್ಲಿ ಎರಡು ಪದಗಳು ಕೂಡುವಾಗ ಒಂದು ಅಕ್ಷರ ಬಿದ್ದುಹೋಗುತ್ತದೆ, ಇಲ್ಲವೇ ಎಲ್ಲಿಂದಲೋ ಒಂದು ಅಕ್ಷರ ನುಗ್ಗುತ್ತದೆ, ಇಲ್ಲವೇ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಲೋಪ, ಆಗಮ, ಆದೇಶ ಎಂದು ಕಿವಿ ಹಿಂಡಿಸಿಕೊಂಡು ಕಲಿತವರಿಗೆಲ್ಲ ಇದು ನೆನಪಿರುತ್ತದೆ. ಸತ್ಯವೇದವೆಂಬ ಪೂರ್ವಪದಕ್ಕೆ ಟೀವಿಯೆಂಬ ಉತ್ತರಪದ ಬಂದು ತಗುಲಿದಾಗಲೂ ಆಗುವುದು ಇಷ್ಟೇ. ಆದರೂ ಅಂಥ ಧಾರಾವಾಹಿ ಬಂದಾಗಲೆಲ್ಲ “ಇದು ಗ್ರಂಥದಲ್ಲಿಲ್ಲ” ಎಂದು ಒಂದೇ ರಾಗ ಎಳೆಯುವ ಪಂಗಡವೊಂದಿದೆ. ‘ಮನೆಯಲ್ಲಿ’ ಎಂಬುದರೊಳಗೆ ಯಕಾರ ಹೇಗೆ ಹೊಕ್ಕಿತೆಂದು ಠಾಣೆಗೆ ದೂರು ಕೊಟ್ಟ ಹಾಗೆ. ಹೊಕ್ಕದ್ದೇನೋ ನಿಜ. ಹೊಗದಿದ್ದರೆ ಅರ್ಥ ಕೆಡುತ್ತಿತ್ತೋ ಇಲ್ಲವೋ ಎಂಬುದಲ್ಲವೇ ಶಾಸ್ತ್ರ?

ಗಲಾಟೆ ಹೆಚ್ಚಿರುವುದು ಆಗಮದ ಮೇಲೆ, ಆದ್ದರಿಂದ ಅದೇ ಮೊದಲು. ಆದಿಕಾಂಡದಲ್ಲಿ ನೋಹನ ಕಥೆ ಆರನೆಯ ಅಧ್ಯಾಯದಿಂದ ಒಂಬತ್ತನೆಯದರವರೆಗೆ ಇದೆ. ಅಷ್ಟುದ್ದಕ್ಕೂ ಮಾತೆಲ್ಲ ದೇವರದ್ದು. ನೋಹ ಕೇಳಿಸಿಕೊಳ್ಳುತ್ತಾನೆ, ಮುನ್ನೂರು ಮೊಳ ಉದ್ದದ ನಾವೆ ಕಟ್ಟುತ್ತಾನೆ, ಪ್ರಾಣಿಗಳನ್ನು ಹತ್ತಿಸುತ್ತಾನೆ, ಇಳಿಸುತ್ತಾನೆ. ಅವನು ಬಾಯಿಬಿಡುವುದು ಎಲ್ಲ ಮುಗಿದ ಮೇಲೆ, ದ್ರಾಕ್ಷಾರಸದ ಅಮಲು ಇಳಿದಾಗ; ಅದೂ ಮೊಮ್ಮಗನಿಗೆ ಶಾಪ ಹಾಕುವುದಕ್ಕೆ. ಹೆಂಡತಿಗೆ ಹೆಸರೇ ಇಲ್ಲ. ಇಂಥ ಮೌನಿಯನ್ನು ನಾಯಕನಾಗಿಟ್ಟುಕೊಂಡು ಜಾಹೀರಾತುಗಳ ನಡುವೆ ಎರಡು ರಾತ್ರಿ ತುಂಬಿಸಬೇಕು. 1999ರ ಮೇ ತಿಂಗಳಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ‘ನೋಆಸ್ ಆರ್ಕ್’ ಎಂಬ ಕಿರುಸರಣಿಯಲ್ಲಿ ಮಾಡಿದ್ದು ಇದನ್ನೇ. ಜಾನ್ ವಾಯ್ಟ್‌ನ ನೋಹ ಧಾರಾಳವಾಗಿ ಮಾತಾಡುತ್ತಾನೆ, ತಮಾಷೆಯನ್ನೂ ಮಾಡುತ್ತಾನೆ. ಇಲ್ಲಿಯವರೆಗೆ ಕ್ಷಮಿಸಬಹುದು. ಆದರೆ ಗ್ರಂಥದಲ್ಲಿ ಪ್ರಳಯವಾಗಿ ಎಷ್ಟೋ ತಲೆಮಾರು ಕಳೆದ ಮೇಲೆ ಬರುವ ಲೋಟನೂ ಇಲ್ಲಿ ಅವನ ಗೆಳೆಯನಾಗಿ ಬರುತ್ತಾನೆ. ಪ್ರಳಯಕ್ಕೆ ಮೊದಲೇ ಲೋಟನ ಊರಾದ ಸೊದೋಮ್ ಉರಿದುಹೋಗುತ್ತದೆ. ಆಮೇಲೆ ನೀರು ಏರಿದಾಗ ಅದೇ ಲೋಟ ಕಡಲುಗಳ್ಳರ ಮುಖಂಡನಾಗಿ ನಾವೆಯ ಮೇಲೆ ದಾಳಿ ಮಾಡುತ್ತಾನೆ.

ಇಲ್ಲೊಂದು ಪೂರ್ವಪಕ್ಷ ಹುಟ್ಟುತ್ತದೆ. ಅದನ್ನು ಎತ್ತಿದವನು ನಾನೇ ಆದ್ದರಿಂದ ಕೊಂಚ ಪ್ರೀತಿಯಿಂದ ವಿವರಿಸುತ್ತೇನೆ. ನೋಹನೂ ಲೋಟನೂ ಒಂದೇ ಕಾಲದವರಾಗಿರುವುದು ಅಸಾಧ್ಯವೇ? ಆದಿಕಾಂಡದ ಹನ್ನೊಂದನೆಯ ಅಧ್ಯಾಯದ ವಂಶಾವಳಿಯನ್ನು ಹೀಬ್ರೂ ಪಾಠದಂತೆ ಕೂಡಿಸುತ್ತ ಬನ್ನಿ: ಪ್ರಳಯದಿಂದ ಅಬ್ರಹಾಮನ ಜನನಕ್ಕೆ 292 ವರ್ಷ. ಪ್ರಳಯದ ನಂತರ ನೋಹ ಬದುಕಿದ್ದು 350 ವರ್ಷ. ಅಂದರೆ ಅಬ್ರಹಾಮನಿಗೆ 58 ತುಂಬುವವರೆಗೂ ಮುದುಕ ಜೀವಂತ! ಲೋಟ ಅಬ್ರಹಾಮನ ಅಣ್ಣತಮ್ಮಂದಿರಲ್ಲೊಬ್ಬನ ಮಗ. ಅಷ್ಟರಲ್ಲಿ ಹುಟ್ಟಿರಬಹುದು, ಮೀಸೆಯೂ ಬಂದಿರಬಹುದು. ಇಬ್ಬರೂ ಒಟ್ಟಿಗೆ ಕೂತು ಹರಟಿದರೆಂದರೆ ಅಂಕಗಣಿತ ಅಡ್ಡ ಬರುವುದಿಲ್ಲ. ಚಿತ್ರಕಥೆ ಬರೆದವರು ಈ ಲೆಕ್ಕ ಹಾಕಿದ್ದರೆಂದು ನಾನು ಒಂದು ಕ್ಷಣವೂ ನಂಬುವುದಿಲ್ಲ, ಆ ಮಾತು ಬೇರೆ. ಸಮಾಧಾನ: ಸೊದೋಮ್ ಸುಟ್ಟಾಗ ಅಬ್ರಹಾಮನಿಗೆ ತೊಂಬತ್ತೊಂಬತ್ತು. ನೋಹ ಸತ್ತು ನಲವತ್ತೊಂದು ವರ್ಷ ಕಳೆದಿತ್ತು, ಪ್ರಳಯವಾಗಿ 391. ಹೀಗೆ ಸ್ನೇಹಕ್ಕೆ ಶಾಸ್ತ್ರದ ಒಪ್ಪಿಗೆಯುಂಟು, ಬೆಂಕಿಗೂ ಕಡಲುಗಳ್ಳತನಕ್ಕೂ ಇಲ್ಲ.

ಆಗಮದಲ್ಲಿ ಎರಡು ಬಗೆ. ‘ಯಾಕೆ’ ಎಂದರೆ ಉತ್ತರ ಕೊಡಬಲ್ಲದ್ದು ಯಕಾರಾಗಮ; ವಾಣಿಜ್ಯಕ್ಕಾಗಿ ಬಂದದ್ದು ವಕಾರಾಗಮ. (ಕೇಶಿರಾಜ ಹೀಗೆ ಹೇಳಿಲ್ಲ. ಅವನ ಕಾಲದಲ್ಲಿ ಜಾಹೀರಾತು ಇರಲಿಲ್ಲ.) ಕಡಲುಗಳ್ಳರು ಶುದ್ಧ ವಕಾರ. ‘ದಿ ಚೋಸನ್’ ಸರಣಿಯಲ್ಲಿ ಪೇತ್ರನಿಗೆ ಏಡನ್ ಎಂಬ ಹೆಂಡತಿಯಿದ್ದಾಳೆ, ಆಕೆ ಯಕಾರ. ಸುವಾರ್ತೆಯಲ್ಲಿ ಪೇತ್ರನ ಅತ್ತೆಗೆ ಜ್ವರ ಬಂದ ಪ್ರಸಂಗವಿದೆ, ಹೆಂಡತಿಯ ಸುದ್ದಿಯಿಲ್ಲ. ಅತ್ತೆ ಇದ್ದಮೇಲೆ ಹೆಂಡತಿ ಇರಲೇಬೇಕೆಂಬುದು ತರ್ಕಶಾಸ್ತ್ರದ ಮಾತು. ಅತ್ತೆಯನ್ನು ಇಟ್ಟು ಸೊಸೆಯನ್ನೋ ಮಗಳನ್ನೋ ಕೈಬಿಡುವ ಕಲೆ ನಮ್ಮ ಸಂಜೆಯ ಧಾರಾವಾಹಿಗಳಿಗೂ ಸಿದ್ಧಿಸಿಲ್ಲ.

ಯಕಾರದ ಗಂಭೀರ ಉದಾಹರಣೆಯೊಂದಿದೆ. 1977ರ ‘ಜೀಸಸ್ ಆಫ್ ನಜರೆತ್’ನಲ್ಲಿ ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ಜೆರಾ ಎಂಬ ಶಾಸ್ತ್ರಿಯನ್ನು ತಂದು ನಿಲ್ಲಿಸಿದರು. ಪಾತ್ರಧಾರಿ ಇಯಾನ್ ಹೋಮ್. ಯೂದನನ್ನು ಪುಸಲಾಯಿಸಿ ಸಂಚು ಹೂಡುವವನು ಇವನೇ. ನಾಲ್ಕು ಸುವಾರ್ತೆಗಳನ್ನು ಜರಡಿ ಹಿಡಿದರೂ ಇವನು ಸಿಗುವುದಿಲ್ಲ. ಯಾಕೆ ಬಂದ? ಶಿಲುಬೆಯ ಹೊಣೆಯನ್ನು ಇಡೀ ಯೆಹೂದಿ ಜನಾಂಗದ ತಲೆಗೆ ಕಟ್ಟುವ ಹಳೆಯ ಅಭ್ಯಾಸವನ್ನು ಕ್ಯಾಥೊಲಿಕ್ ಸಭೆ 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ, ತಳ್ಳಿಹಾಕಿತ್ತು. ಆ ಘೋಷಣೆಯ ಬೆಳಕಿನಲ್ಲೇ ಸರಣಿ ಸಿದ್ಧವಾಯಿತು. ಗುಂಪಿನ ಮೇಲಿದ್ದ ಭಾರವನ್ನು ಒಬ್ಬ ಕಲ್ಪಿತ ಗುಮಾಸ್ತನ ಹೆಗಲಿಗೆ ವರ್ಗಾಯಿಸಿದರೆ ಗುಂಪು ಹಗುರವಾಗುತ್ತದೆ. ಇದು ಗ್ರಂಥಕ್ಕೆ ಮಾಡಿದ ಅಪಚಾರವೆಂದು ಹಟ ಹಿಡಿಯುವವರು ಇತಿಹಾಸದ ಕಡೆ ತಿರುಗಿ, ಶಿಲುಬೆಯ ತೀರ್ಪಿತ್ತ ರೋಮನ್ ಅಧಿಪತಿ ಪಿಲಾತನನ್ನೂ ನೋಡಬೇಕು. ಟೀವಿಯ ಪಿಲಾತ ಸಾಮಾನ್ಯವಾಗಿ ಚಿಂತಾಕ್ರಾಂತ ಸಂಭಾವಿತ. ತಲೆನೋವಿರುವ ಜಿಲ್ಲಾಧಿಕಾರಿಯಂತೆ ಕೈ ತೊಳೆಯುತ್ತಾನೆ. ಫಿಲೋ, ಜೋಸೆಫಸ್ ಬರೆದಿಟ್ಟ ಪಿಲಾತ ಒರಟ, ಕ್ರೂರಿ; ಸಮಾರ್ಯದವರ ಮೇಲೆ ನಡೆಸಿದ ಹತ್ಯೆಯ ದೂರಿನಿಂದ ಅಧಿಕಾರ ಕಳೆದುಕೊಂಡವನು. ಆದರೂ ಅವನ ಸೌಮ್ಯತೆಯ ಮೇಲೆ ಯಾರೂ ಆಕ್ಷೇಪ ಎತ್ತುವುದಿಲ್ಲ, ಅದು ಗ್ರಂಥದಲ್ಲಿದೆಯಲ್ಲ!

ಇನ್ನು ಲೋಪ. ಅರ್ಥ ಕೆಡದಿದ್ದರೆ ಮಾತ್ರ ಲೋಪವೆಂಬುದು ವ್ಯಾಕರಣದ ಕಟ್ಟುನಿಟ್ಟು. ನೋಹನ ಕುಡಿತ, ಗುಹೆಯಲ್ಲಿ ಲೋಟನ ಹೆಣ್ಣುಮಕ್ಕಳು ಮಾಡಿದ್ದು, ಇವು ಬಿದ್ದುಹೋಗುವುದು ಮನೆಮಂದಿ ಒಟ್ಟಿಗೆ ಕೂತು ನೋಡುತ್ತಾರೆಂಬ ಕಾರಣಕ್ಕೆ. ಅದನ್ನು ಬಿಡೋಣ. ನನ್ನ ತಕರಾರಿರುವುದು ಪ್ರಾಣಿಗಳ ಲೆಕ್ಕದಲ್ಲಿ. ಎಲ್ಲ ಪರದೆಗಳಲ್ಲೂ ಎರಡೆರಡು, ಒಂದು ಗಂಡು ಒಂದು ಹೆಣ್ಣು, ಮದುವೆ ಮೆರವಣಿಗೆಯಂತೆ. ಆರನೆಯ ಅಧ್ಯಾಯ ಹೇಳುವುದೂ ಹಾಗೆಯೇ. ಏಳನೆಯ ಅಧ್ಯಾಯ ಮಾತ್ರ ಶುದ್ಧ ಪ್ರಾಣಿಗಳು ಏಳೇಳು ಇರಲಿ ಎನ್ನುತ್ತದೆ. ಎರಡು ಬೇರೆ ಮೂಲಗಳು ಇಲ್ಲಿ ಹೆಣೆದುಕೊಂಡಿವೆಯೆಂಬುದು ಪಂಡಿತರ ಮತ. ಟೀವಿಯವರು ಏಳನ್ನು ಲೋಪ ಮಾಡುತ್ತಾರೆ. ಆದರೆ ನಾವೆಯಿಂದ ಇಳಿದ ಕೂಡಲೇ ನೋಹ ಬಲಿಪೀಠ ಕಟ್ಟಿ ಶುದ್ಧ ಪ್ರಾಣಿಗಳನ್ನು ಹೋಮ ಮಾಡುತ್ತಾನೆ. ಇದ್ದದ್ದು ಎರಡೇ ಕುರಿಯಾಗಿದ್ದರೆ ಕುರಿಯ ಸಂತತಿ ಅಂದೇ ಮುಗಿಯಿತು. ಲೋಪದಿಂದ ಅರ್ಥ ಕೆಡುವುದೆಂದರೆ ಇದು: ಮಟನ್ ಅಂಗಡಿಯ ಇತಿಹಾಸವೇ ಅಸಂಭವವಾಗುತ್ತದೆ.

ಆದೇಶವನ್ನು ಬೇಗ ಮುಗಿಸುತ್ತೇನೆ. ಮಳೆಗೆ ಕಾಲ ಕೂಡಿ ಮಳೆಗಾಲವಾದ ಹಾಗೆ ಗಲಿಲಾಯಕ್ಕೆ ಕ್ಯಾಮೆರಾ ಕೂಡಿದರೆ ಟುನೀಷಿಯ ಅಥವಾ ಮೊರಾಕೊ ಆಗುತ್ತದೆ. ಜೆಫಿರೆಲ್ಲಿ ಟುನೀಷಿಯದ ಮೊನಾಸ್ತೀರಿನಲ್ಲಿ ಬಿಟ್ಟುಹೋದ ಕೆಲವು ಸೆಟ್ಟುಗಳನ್ನೇ ಮಾಂಟಿ ಪೈಥಾನ್ ತಂಡದವರು ‘ಲೈಫ್ ಆಫ್ ಬ್ರಯಾನ್’ಗೆ ಬಳಸಿಕೊಂಡರು, ಪವಿತ್ರವೂ ಪರಿಹಾಸವೂ ಒಂದೇ ಗೋಡೆಗೆ ಒರಗಿ ನಿಂತವು. ಆದೇಶದಲ್ಲಿ ಅತ್ಯಂತ ಅಪರೂಪದ್ದು ಎನ್‌ಬಿಸಿಯ ನಾವೆಯಲ್ಲೇ ಸಿಕ್ಕಿತು. ಅಲ್ಲಿ ಲೋಟನ ಪಾತ್ರ ಮಾಡಿದವರು ಎಫ್. ಮರೆ ಅಬ್ರಹಾಂ. ಕಥೆಯಿಂದ ಹೊರದಬ್ಬಿಸಿಕೊಂಡ ದೊಡ್ಡಪ್ಪ ನಟನ ಹೆಸರಿನಲ್ಲಿ ಒಳಬಂದ.

ಈ ಮೂರರಲ್ಲೂ ಸೇರದ ನಾಲ್ಕನೆಯದೊಂದಿದೆ, ಅದನ್ನು ಗೋದಲಿ ಸಂಧಿ ಎನ್ನುತ್ತೇನೆ. ಕ್ರಿಸ್‌ಮಸ್ಸಿಗೆ ಕಟ್ಟುವ ಗೋದಲಿಯಲ್ಲಿ ಕುರುಬರೂ ಜೋಯಿಸರೂ ಒಟ್ಟಿಗೆ ನಿಂತಿರುತ್ತಾರೆ. ಕುರುಬರು ಲೂಕನವರು, ಜೋಯಿಸರು ಮತ್ತಾಯನವರು; ಇವರು ಅವರನ್ನು ಕಂಡವರಲ್ಲ. ಜೋಯಿಸರು ಮೂವರೆಂದು ಮತ್ತಾಯ ಎಣಿಸಿಲ್ಲ, ಕಾಣಿಕೆಗಳು ಮೂರೆಂದು ಮಾತ್ರ ಹೇಳಿದ. ಛತ್ರದವನು, ಎತ್ತು, ಕತ್ತೆ ಯಾವ ಸುವಾರ್ತೆಯಲ್ಲೂ ಇಲ್ಲ. ಚರಿತ್ರಕಾರರನ್ನು ಕೇಳಿದರೆ ತೊಡಕು ಇನ್ನೂ ಆಳಕ್ಕಿಳಿಯುತ್ತದೆ: ಮತ್ತಾಯನ ಹೆರೋದ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ, ಲೂಕ ಹೇಳುವ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿಸ್ತಶಕ 6ರಲ್ಲಿ. ಆದರೂ ಯಾವನಾದರೂ ನಿರ್ದೇಶಕ ಜೋಯಿಸರನ್ನು ಐವರನ್ನಾಗಿಸಿ, ಕತ್ತೆಯನ್ನು ಹೊರಗಟ್ಟಿ, ಕುರುಬರನ್ನು ಬೇರೆ ಕಂತಿಗೆ ದೂಡಿದರೆ “ಸತ್ಯವೇದವನ್ನು ತಿರುಚಿದ” ಎಂದು ಬೊಬ್ಬೆಯೇಳುವುದು ಖಂಡಿತ. ತಪ್ಪು ಟೀವಿಯದ್ದೇ ಎನ್ನುವಂತಿಲ್ಲ. ಎರಡನೆಯ ಶತಮಾನದಲ್ಲೇ ತಾತಿಯಾನ ಎಂಬ ಸಿರಿಯಾದವನು ನಾಲ್ಕು ಸುವಾರ್ತೆಗಳನ್ನು ಹೊಲಿದು ಒಂದೇ ಕಥೆ ಮಾಡಿದ್ದ. ನಮ್ಮ ಕಿಟೆಲ್ಲರೂ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಒಗ್ಗಿಸಿದರು. ಪ್ರಾಸಕ್ಕಾಗಿ ಒಂದು ಪದ ಸೇರಿಸುವವನಿಗೂ ಜಾಹೀರಾತಿಗಾಗಿ ಒಬ್ಬ ಕಡಲುಗಳ್ಳನನ್ನು ಸೇರಿಸುವವನಿಗೂ ಎಷ್ಟು ದೂರವೆಂದು ಅಳೆಯಲು ನನ್ನ ಬಳಿ ಮೊಳಕೋಲಿಲ್ಲ.

ಕೊನೆಗೆ ಪ್ರಕೃತಿಭಾವ, ಅಂದರೆ ಸಂಧಿಯೇ ಆಗದೆ ಪದಗಳು ಇದ್ದಂತೆ ನಿಲ್ಲುವುದು. 1993ರಲ್ಲಿ ಬಂದ ‘ವಿಶುವಲ್ ಬೈಬಲ್’ ಮಾಲೆಯ ಮತ್ತಾಯ ವಿಡಿಯೊ ಇದಕ್ಕೆ ಉದಾಹರಣೆಯೆನ್ನುತ್ತಾರೆ. ಮಾತುಗಳೆಲ್ಲ ಅನುವಾದಿತ ಗ್ರಂಥದವೇ. ಹೊಸ ಪಾತ್ರವಿಲ್ಲ, ಕಡಲುಗಳ್ಳರಿಲ್ಲ. ಆದರೆ ಅದರಲ್ಲಿ ಯೇಸುವಾದ ಬ್ರೂಸ್ ಮಾರ್ಕಿಯಾನೊ ಮನಸಾರೆ ನಗುತ್ತಾನೆ, ಶಿಷ್ಯರ ಬೆನ್ನು ತಟ್ಟಿ ಖುಷಿಪಡುತ್ತಾನೆ. ಜೆಫಿರೆಲ್ಲಿಯ ಯೇಸು ರಾಬರ್ಟ್ ಪೊವೆಲ್ ರೆಪ್ಪೆ ಮಿಟುಕಿಸುವುದೇ ಅಪರೂಪ. ಯೇಸು ಅತ್ತನೆಂದು ಯೋಹಾನನೂ ಲೂಕನೂ ಬರೆದಿದ್ದಾರೆ. ನಕ್ಕನೆಂದಾಗಲಿ, ರೆಪ್ಪೆ ಬಡಿಯಲಿಲ್ಲವೆಂದಾಗಲಿ ನಾಲ್ವರಲ್ಲಿ ಯಾರೂ ಬರೆದಿಲ್ಲ. ಒಂದಕ್ಷರವೂ ಕೂಡದೆ, ಬಿಡದೆ, ಬದಲಾಗದೆ ಮುಖವೊಂದು ಮಾತ್ರ ಬಂದು ಸೇರಿದೆ. ಇದನ್ನು ಯಾವ ಸೂತ್ರದ ಕೆಳಗೆ ಹಾಕಲಿ ಎಂದು ಶಬ್ದಮಣಿದರ್ಪಣವನ್ನು ಮತ್ತೆ ತೆರೆದು ಕೂತಿದ್ದೇನೆ.