ಟಸ್ಕಲೂಸಾದಲ್ಲಿ ವಧುಪರೀಕ್ಷೆ

ಅಲಬಾಮಾದ ಆಗಸ್ಟ್ ಸೆಕೆ. ಮಗಳು ಕನ್ನಡಿ ಮುಂದೆ, ಅಮ್ಮನ ಕೈಲಿ ಇಸ್ತ್ರಿಪೆಟ್ಟಿಗೆ. (ಮದುಮಗಳೂ ಇಷ್ಟು ಬಳಿದುಕೊಳ್ಳಲಿಕ್ಕಿಲ್ಲ.)

“ಫೋಟೊ, ಮಾರ್ಕ್ಸು, ಹಳೇ ಸದಸ್ಯೆಯರ ಶಿಫಾರಸು, ಎಲ್ಲ ಕಳಿಸಿದ್ದೀನಮ್ಮ.”

“ಜಾತಕ?”

“ಅಮ್ಮಾ! ಇದು ಸೊರಾರಿಟಿ, ಕಾಲೇಜು ಹುಡುಗಿಯರ ಸಂಘಕ್ಕೆ ಆಯ್ಕೆ. ಒಂದೊಂದು ಸಂಘದ ಮನೆಗೂ ಹೋಗಿ ನಗ್ತಾ ಮಾತಾಡಬೇಕು. ಹುಡುಗರು, ಕುಡಿತ, ದೇವರು, ದುಡ್ಡು, ರಾಜಕೀಯ ಮಾತ್ರ ಎತ್ತಬಾರದು.”

“ಇನ್ನೇನುಳೀತೇ ಮಾತಾಡೋಕೆ?”

“ನಾಯಿಮರಿ. ಮತ್ತೆ ಡ್ರೆಸ್ಸು. 2021ರಿಂದ ಟಿಕ್‌ಟಾಕ್‌ನಲ್ಲಿ ಲೋಕವೆಲ್ಲ ಈ ಆಯ್ಕೆ ನೋಡ್ತಿದೆ. ಬಳೆ ಯಾವ ಅಂಗಡೀದು ಅಂತಲೂ ಹೇಳಬೇಕು.”

“ಒಪ್ಪಿದರೆ?”

“ಬಿಡ್ ಡೇ, ಅಂದ್ರೆ ಆಯ್ಕೆ ತಿಳಿಸೋ ದಿನ, ಲಕೋಟೆ ಕೊಡ್ತಾರೆ.”

“ಒಪ್ಪದಿದ್ದರೆ ‘ಊರಿಗೆ ಹೋಗಿ ತಿಳಿಸ್ತೀವಿ’ ಅಂತಾರೇನೋ! ಹಾಸನದಲ್ಲಿ ನಿಮ್ಮಕ್ಕನ್ನ ನೋಡೋಕೆ ಗಂಡಿನವರು ಬಂದಾಗ ‘ಇದೇನು ದನದ ಸಂತೆನಾ’ ಅಂದಿದ್ಯಲ್ಲೇ?”

“ಅಲ್ಲಿ ಉಪ್ಪಿಟ್ಟು, ಕೇಸರಿಬಾತಾದ್ರೂ ಇತ್ತಮ್ಮ. ಇಲ್ಲಿ ಬರೀ ನೀರು. ಇಸ್ತ್ರಿ ಆಯ್ತಾ?”